ಹಂಚಿದ ಪ್ರೊಸೆಸರ್, ದುಡಿಯುವ ಪ್ರೊಸೆಸರ್: ರಾಜ್ಯದ ಇ-ಆಡಳಿತ ಇಲಾಖೆಯ ಕಾರ್ಯದರ್ಶಿಗಳಿಗೆ ಬಹಿರಂಗ ಪತ್ರ



ಬೆಳೆಸಾಲಕ್ಕೆ ಬೇಕಾದ ಜಮೀನಿನ ಉತಾರ (ಪಹಣಿ) ಆಗಲಿ, ಮಕ್ಕಳ ಜಾತಿ-ಆದಾಯ ಪ್ರಮಾಣಪತ್ರವಾಗಲಿ ಇಂದು ಕಂಪ್ಯೂಟರ್ ಮೂಲಕವೇ ದೊರೆಯುತ್ತಿರುವುದರಿಂದ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಚೇರಿ ಕಿಟಕಿಯಲ್ಲಿ ‘ಸರ್ವರ್ ಡೌನ್’ ಎಂಬ ಉತ್ತರ ಬಂದರೆ ಮೇಲವಂಕಿಯಂಥ ಊರಿನ ರೈತನ ಒಂದು ದಿನದ ದುಡಿಮೆಯೇ ಹೋಗುತ್ತದೆ. ಆ ಉತ್ತರದ ಹಿಂದೆ ನೆಟ್‌ವರ್ಕ್ ಕಡಿತವಿರಬಹುದು, 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಜಾಲತಾಣ ಎದುರಿಸಿದಂಥ ಸೈಬರ್ ದಾಳಿಯೂ ಇರಬಹುದು. ಈ ಪತ್ರದ ವಿಷಯವಾದರೋ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದ ಇನ್ನೊಂದು ಕಾರಣ: ಯಂತ್ರಕ್ಕೆ ಹಂಚಿದ ಪ್ರೊಸೆಸರ್‌ಗಳು ಇದ್ದೂ ದುಡಿಯದಿರುವುದು.

ದತ್ತಾಂಶ ಕೇಂದ್ರದ ದೊಡ್ಡ ಸರ್ವರಿನ ಮದರ್‌ಬೋರ್ಡಿನಲ್ಲಿ ಎರಡು, ನಾಲ್ಕು ಅಥವಾ ಎಂಟು ಸಾಕೆಟ್‌ಗಳು, ಅಂದರೆ ಪ್ರೊಸೆಸರ್ ಚಿಪ್ ಕೂರಿಸುವ ಸ್ಥಾನಗಳು ಇರುತ್ತವೆ. ಪ್ರತಿ ಚಿಪ್ಪಿನೊಳಗೆ ಲೆಕ್ಕ ಮಾಡುವ ಹಲವು ಕೋರ್‌ಗಳಿರುತ್ತವೆ. ಹೈಪರ್‌ವೈಸರ್ ಎಂಬ ತಂತ್ರಾಂಶವು ಈ ಬಲವನ್ನು ಹಂಚಿ, ಒಂದೇ ಸರ್ವರಿನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ನಿರ್ಮಿಸುತ್ತದೆ. ಹೀಗೆ ಹಂಚುವಾಗ ಹದಿನಾರು ವರ್ಚುವಲ್ ಪ್ರೊಸೆಸರ್‌ಗಳನ್ನು ಒಂದೊಂದು ಕೋರಿನ ಹದಿನಾರು ಸಾಕೆಟ್‌ಗಳೆಂದು ತೋರಿಸಬಹುದು, ಎಂಟೆಂಟು ಕೋರಿನ ಎರಡು ಸಾಕೆಟ್‌ಗಳೆಂದೂ ತೋರಿಸಬಹುದು. ಕಾಗದದ ಮೇಲೆ ಎರಡೂ ಒಂದೇ ಆಗಿದ್ದರೂ ಒಳಗಿನ ತಂತ್ರಾಂಶಕ್ಕೆ ಅವು ಒಂದೇ ಅಲ್ಲ.

ಉದಾಹರಣೆಗೆ, ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಎಂಬ ದತ್ತಾಂಶ ತಂತ್ರಾಂಶದ ಸ್ಟ್ಯಾಂಡರ್ಡ್ ಆವೃತ್ತಿಯು 2016ರಿಂದ 2022ರವರೆಗಿನ ಬಿಡುಗಡೆಗಳಲ್ಲಿ ನಾಲ್ಕು ಸಾಕೆಟ್ ಅಥವಾ 24 ಕೋರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಬಳಸುತ್ತದೆ. ಆದುದರಿಂದ ಮೊದಲ ವಿನ್ಯಾಸದಲ್ಲಿ ಹದಿನಾರರ ಪೈಕಿ ನಾಲ್ಕು ಮಾತ್ರ ದುಡಿದು ಉಳಿದ ಹನ್ನೆರಡು ಖಾಲಿ ಕೂರುತ್ತವೆ. ಎರಡನೆಯದರಲ್ಲಿ ಹದಿನಾರೂ ದುಡಿಯುತ್ತವೆ. ಆ ತಂತ್ರಾಂಶ ಪ್ರಾರಂಭವಾಗುವಾಗಲೇ ತಾನು ಕಂಡ ಸಾಕೆಟ್‌ಗಳೆಷ್ಟು, ಪರವಾನಗಿಯಂತೆ ಬಳಸುವ ಪ್ರೊಸೆಸರ್‌ಗಳೆಷ್ಟು ಎಂಬುದನ್ನು ತನ್ನ ದೋಷ ದಾಖಲೆಯ ಒಂದು ಸಾಲಿನಲ್ಲಿ ಬರೆದಿಡುತ್ತದೆ. ಆ ಸಾಲನ್ನು ಓದಲು ಒಂದು ನಿಮಿಷ ಸಾಕು; ಓದದಿದ್ದರೆ ಒಟ್ಟು ಬಳಕೆ ಶೇ. 25ನ್ನು ದಾಟದೆ ಯಂತ್ರ ಆರಾಮಾಗಿದೆ ಎಂಬ ತಪ್ಪು ಚಿತ್ರ ಮೇಲ್ವಿಚಾರಣೆಯ ಪರದೆಯಲ್ಲಿ ಮೂಡುತ್ತದೆ, ಅತ್ತ ಅರ್ಜಿಗಳು ಸಾಲುಗಟ್ಟಿರುತ್ತವೆ. ವಿಂಡೋಸ್ 10 ಮತ್ತು 11ರ ಪ್ರೊ ಆವೃತ್ತಿಗಳು ಎರಡೇ ಸಾಕೆಟ್ ಬಳಸುವುದರಿಂದ ಅಲ್ಲಿಯೂ ಇದೇ ಪಾಡು.

ಇನ್ನೂ ದೊಡ್ಡ ಯಂತ್ರಗಳಲ್ಲಿ ಬೇರೆ ಗಡಿಗಳು ಎದುರಾಗುತ್ತವೆ. ವಿಂಡೋಸ್ ತನ್ನ ಪ್ರೊಸೆಸರ್‌ಗಳನ್ನು ಹೆಚ್ಚೆಂದರೆ 64ರ ಗುಂಪುಗಳಾಗಿ ವಿಂಗಡಿಸುವುದರಿಂದ ಹಳೆಯ ವಿಂಡೋಸ್ ಬಿಡುಗಡೆಗಳಲ್ಲಿ ಅನ್ವಯಗಳು ಒಂದೇ ಗುಂಪಿನಲ್ಲಿ ಸಿಲುಕುತ್ತವೆ; ಇಂಟೆಲ್ ಮಾದರಿಯ ಹಳೆಯ ಇಂಟರಪ್ಟ್ (ಸಾಧನಗಳು ಪ್ರೊಸೆಸರಿನ ಗಮನ ಸೆಳೆಯುವ) ವ್ಯವಸ್ಥೆಯಲ್ಲಿ ಪ್ರೊಸೆಸರಿನ ಗುರುತಿನ ಸಂಖ್ಯೆಗೆ 8 ಬಿಟ್ ಮಾತ್ರ ಮೀಸಲಿದ್ದುದರಿಂದ 255ನ್ನು ದಾಟಲು ಎಕ್ಸ್‌2ಎಪಿಕ್ ಎಂಬ ಹೊಸ ವ್ಯವಸ್ಥೆ ಬೇಕಾಗುತ್ತದೆ.

ಹಾಗೆಂದು ಪ್ರೊಸೆಸರ್‌ಗಳನ್ನು ಧಾರಾಳವಾಗಿ ಹಂಚುವುದೂ ಪರಿಹಾರವಲ್ಲ, ಕಚೇರಿಗಳು ಇಲ್ಲಿಯೂ ಎಡವಬಹುದು. ಪ್ರತಿ ಸಾಕೆಟ್ಟಿಗೂ ತನ್ನದೇ ಆದ ಹತ್ತಿರದ ಮೆಮೊರಿ ಇರುವುದರಿಂದ, ವರ್ಚುವಲ್ ಯಂತ್ರವೊಂದು ಎರಡು ಸಾಕೆಟ್‌ಗಳ ಮೇಲೆ ಹರಡಿಕೊಂಡರೆ ದೂರದ ಮೆಮೊರಿಯನ್ನು ತಲುಪುವಲ್ಲಿ ಸಮಯ ಕಳೆಯುತ್ತದೆ. ಇರುವುದಕ್ಕಿಂತ ಹೆಚ್ಚು ಹಂಚಿದ್ದರೆ ಯಂತ್ರಗಳು ಸರದಿ ಕಾಯುತ್ತವೆ. ಈ ಕಾಯುವಿಕೆ ವಿಎಂವೇರ್ ಹೈಪರ್‌ವೈಸರ್‌ನಲ್ಲಿ ‘ರೆಡಿ’ ಎಂಬ ಅಂಕಿಯಾಗಿ, ಲಿನಕ್ಸಿನ ‘ಟಾಪ್’ ಆದೇಶದಲ್ಲಿ ‘ಎಸ್‌ಟಿ’ ಎಂಬ ಅಂಕಿಯಾಗಿ ಕಾಣುತ್ತದೆ.

ಆದುದರಿಂದ ಗುತ್ತಿಗೆದಾರರು ಸರ್ವರ್ ಹಸ್ತಾಂತರಿಸುವಾಗ ಸಹಿ ಮಾಡುವ ಪತ್ರದಲ್ಲಿ, ಪ್ರತಿ ಯಂತ್ರಕ್ಕೆ ಹಂಚಿದ ಪ್ರೊಸೆಸರ್‌ಗಳೆಷ್ಟು ಎಂಬುದರ ಜೊತೆಗೆ ಒಳಗಿನ ಕಾರ್ಯಾಚರಣಾ ವ್ಯವಸ್ಥೆ ಕಂಡದ್ದೆಷ್ಟು, ದತ್ತಾಂಶ ತಂತ್ರಾಂಶ ಬಳಸಿದ್ದೆಷ್ಟು, ಸರದಿಯಲ್ಲಿ ಕಳೆದ ಕಾಲವೆಷ್ಟು ಎಂಬುದೂ ದಾಖಲಾಗಬೇಕೆಂದು ತಾವು ಆದೇಶ ಹೊರಡಿಸಬೇಕು. ಈಗಾಗಲೇ ನಡೆಯುತ್ತಿರುವ ಯಂತ್ರಗಳ ಪೈಕಿ ಉತಾರ ಮತ್ತು ನೋಂದಣಿ ಸೇವೆಗಳಿಂದ ಈ ಪರಿಶೀಲನೆ ಮೊದಲಾಗಲಿ, ಮುಂದಿನ ಖರೀದಿಯ ಕಡತ ಅದರ ವರದಿಯೊಂದಿಗೇ ತಮ್ಮ ಮೇಜಿಗೆ ಬರಲಿ.