ಹೊಸ ತೆನೆಯ ಪಾಠ

‘ಮನೆಯೊಂದನ್ನು ಕಟ್ಟಿಸಿದ ಮೇಲೆ, ಮಗಳ ಮದುವೆ ಮುಗಿದ ಮೇಲೆ ಸುಖವಾಗಿರುತ್ತೇನೆ’ ಎನ್ನದವರು ನಮ್ಮಲ್ಲಿ ಎಷ್ಟು ಮಂದಿ?

ಬೈಬಲಿನ ಲೂಕನ ಸುವಾರ್ತೆಯಲ್ಲಿ, 12ನೆಯ ಅಧ್ಯಾಯದಲ್ಲಿ, ಯೇಸು ಹೇಳಿದ ಕಥೆಯೊಂದಿದೆ. ಧನಿಕನೊಬ್ಬನ ಹೊಲ ಹುಲುಸಾಗಿ ಬೆಳೆಯಿತು. ಹಳೆಯ ಕಣಜಗಳನ್ನು ಕೆಡವಿ ದೊಡ್ಡವನ್ನು ಕಟ್ಟಿಸಿ, ಬಹುಕಾಲ ಉಂಡುಟ್ಟು ಸುಖವಾಗಿರುವೆನೆಂದು ಅವನು ಎಣಿಸಿದನು. ಆ ರಾತ್ರಿಯೇ ಅವನಿಗೆ ದೇವರ ಕರೆ ಬಂದಿತು. ಅವನ ಲೆಕ್ಕದಲ್ಲಿ ಧಾನ್ಯವಿತ್ತು, ವರ್ಷಗಳಿದ್ದುವು. ಪಕ್ಕದಲ್ಲಿ ಹಾಕಬೇಕಾದ ಇನ್ನೊಂದು ಎಲೆ ಮಾತ್ರ ಇರಲಿಲ್ಲ.

ಆ ಎಲೆಯನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕಾಣಬಹುದು. ಸೆಪ್ಟೆಂಬರ್ 8 ಮೇರಿ ಮಾತೆಯ ಜನ್ಮದಿನ. ಅಲ್ಲಿ ಅದು ಹೊಸ ಬೆಳೆಯ ಹಬ್ಬವೂ ಹೌದು. ‘ಮೊಂತಿ ಹಬ್ಬ’ವೆಂಬ ಹೆಸರು ಬಂಟ್ವಾಳ ತಾಲ್ಲೂಕಿನ ಫರಂಗಿಪೇಟೆಯ ಮೊಂತೆ ಮರಿಯಾನೊದಿಂದ ಬಂದಿತೆನ್ನುತ್ತಾರೆ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರೂ ಹಂಚಿಕೊಂಡು, ಸಸ್ಯಾಹಾರದ ಊಟಕ್ಕೆ ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಇಂದು ಎಷ್ಟೋ ಗದ್ದೆಗಳು ಅಡಕೆಯ ತೋಟಗಳಾಗಿವೆ. ಮಕ್ಕಳು ಮುಂಬಯಿಗೆ, ಕೊಲ್ಲಿ ನಾಡುಗಳಿಗೆ ಹೋಗಿದ್ದಾರೆ. ಆದರೂ ದೂರವಿರುವವರ ಪಾಲಿನ ತೆನೆಯನ್ನು ಕಳುಹಿಸಿಕೊಡುವ ಮನೆಗಳುಂಟು.

ಯೇಸು ಕಲಿಸಿದ ಪ್ರಾರ್ಥನೆಯೂ ಬೇಡುವುದು ಆ ದಿನದ ಆಹಾರವನ್ನೇ. ಅದೂ ‘ನನಗೆ’ ಎಂದಲ್ಲ, ‘ನಮಗೆ’ ಎಂದು. ವ್ಯತ್ಯಾಸ ಒಂದೇ ಅಕ್ಷರದ್ದು. ಸಂಸಾರಿಗೆ ಕಣಜ ಬೇಡವೆಂದಲ್ಲ, ವಾಚಕರೇ. ಆದರೆ ಅದು ತುಂಬುವ ತನಕ ಸುಖವನ್ನು ಮುಂದೂಡಿದವನಿಗೆ ಉಣ್ಣುವ ದಿನವೇ ಬಾರದೆ ಹೋದೀತು. ಇಂದಿನ ತುತ್ತನ್ನು ಇಂದೇ ಹಂಚಿಕೊಂಡವನ ಸುಖವನ್ನಾದರೋ ಯಾವ ರಾತ್ರಿಯೂ ಕಸಿದುಕೊಳ್ಳಲಾರದು.