ಭದ್ರಾವತಿಯ ಬಿಳಿಯಾನೆ

ಇಂಗ್ಲಿಷ್ ನುಡಿಗಟ್ಟಿನ ಪದಗಳನ್ನು ಒಂದೊಂದಾಗಿ ಕನ್ನಡಿಸಿಬಿಟ್ಟರೆ ಅರ್ಥವೂ ಹಿಂದೆಯೇ ಬಂದೀತೆಂದು ನಮ್ಮ ಭಾಷಾಂತರಕಾರರು ನಂಬಿದಂತಿದೆ. ಬಾರದೆಂಬುದು ನನ್ನ ವಾದ. ಸಾಕ್ಷಿ ಭದ್ರಾವತಿಯಲ್ಲಿಯೇ ಇದೆ.

1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯನ್ನು, ಮೊದಲ ವರ್ಷಗಳ ನಷ್ಟ ಕಂಡವರು ‘ಬಿಳಿಯಾನೆ’ಯೆಂದು ಜರೆದರು. 2023ರಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾದಾಗ ಶಿವಮೊಗ್ಗದಲ್ಲಿ ಅದೇ ಮಾತನ್ನು ಮತ್ತೆ ಕೇಳಿದೆ.

ಈ ಮಾತಿನ ಹಿಂದೊಂದು ಕಥೆಯುಂಟು. ಸಯಾಮಿನ ದೊರೆ ತನಗಾಗದ ಆಸ್ಥಾನಿಕನಿಗೆ ಬಿಳಿಯಾನೆಯನ್ನು ದಾನಮಾಡುತ್ತಿದ್ದನಂತೆ. ಅದು ಪವಿತ್ರ, ದುಡಿಸುವಂತಿಲ್ಲ, ಮಾರುವಂತಿಲ್ಲ. ಮೇವು ಹಾಕಿ ಹಾಕಿಯೇ ಯಜಮಾನ ದಿವಾಳಿ! ಕಥೆಯರಿಯದ ಕನ್ನಡಿಗನಿಗಾದರೋ ಬಿಳಿಯಾನೆಯೆಂದರೆ ಐರಾವತ; ಕಡಲು ಕಡೆದಾಗ ಹುಟ್ಟಿದ ಸಂಪತ್ತು, ಇಂದ್ರನ ವಾಹನ. ಬೈಗುಳವು ಅವನ ಕಿವಿಗೆ ಹೊಗಳಿಕೆಯಾಗುತ್ತದೆ.

ಕಥೆ ಬಲ್ಲವರನ್ನು ನಾನು ಕೇಳುವುದಿಷ್ಟೆ: ದುಡಿಯದ ಆ ಆನೆಗೂ, ತಲೆಮಾರುಗಳ ಕಾಲ ಅದಿರು ಕರಗಿಸಿ ಒಂದು ಊರಿಗೇ ಅನ್ನವಿಟ್ಟ ಕುಲುಮೆಗೂ ಎಲ್ಲಿಯ ಹೋಲಿಕೆ? ನಷ್ಟವೆನ್ನುವವರು ಲೆಕ್ಕ ತೋರಿಸಲಿ, ವಾದಿಸೋಣ. ಲೆಕ್ಕದ ಜಾಗದಲ್ಲಿ ಎರವಲು ಮಾತನ್ನು ತಂದಿಡುವುದು ನ್ಯಾಯವಲ್ಲ. ಅದರಿಂದ ಹೋಗುವುದು ಕೂಲಿಕಾರನ ಅನ್ನ.

ಪರೀಕ್ಷೆಯ ಗೈಡುಗಳೂ ನುಡಿಗಟ್ಟಿನೆದುರು ಅರ್ಥ ಬರೆದು ಅಲ್ಲಿಗೇ ನಿಲ್ಲುತ್ತವೆ. ಹುಟ್ಟಿನ ಕಥೆಯನ್ನೂ ಕಲಿಸಿದರೆ, ಮಾತು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದೆಂಬುದು ಹುಡುಗರಿಗೆ ತಿಳಿದೀತು.

ಸಕ್ರೆಬೈಲಿನ ಆನೆ ಬಿಡಾರವನ್ನು ಪಕ್ಕದಲ್ಲಿಟ್ಟುಕೊಂಡ ಶಿವಮೊಗ್ಗದವರಿಗೆ ಆನೆಯ ಗಾದೆಗೇನು ಬರ? ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ.’ ಭದ್ರಾವತಿಗೆ ಬೆಲೆ ಕಟ್ಟಲು ಹೊರಟವರು ಮೊದಲು ಇದನ್ನು ನೆನೆಯಲಿ.