ರಕ್ತದ ಮೇಲೆ ಹೊರಿಸಿದ ತಪ್ಪು

ಅಮೆರಿಕದ ರಕ್ಷಣಾ ಸಚಿವರಾಗಿದ್ದ ಲಾಯ್ಡ್ ಆಸ್ಟಿನ್ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂಬ ಸುದ್ದಿ 2024ರ ಜನವರಿಯಲ್ಲಿ ಬಂದಾಗ, ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು "ಕರಿಯರಿಗೆ ಅದು ರಕ್ತದಲ್ಲೇ ಇರುತ್ತೆ ಬಿಡಿ" ಎಂದು ಪೇಪರ್ ಮಡಿಸಿಟ್ಟರು. ಆ 'ಬಿಡಿ' ಎಂಬ ಮಾತು ನನ್ನನ್ನು ಚುಚ್ಚಿತು. ಬಡವರ ಮಗು ಫೇಲಾದಾಗಲೂ ಅದೇ ಕುರ್ಚಿಯಿಂದ ಇದೇ ಮಾತು ಬರುವುದನ್ನು ಎಷ್ಟು ವರ್ಷ ಕೇಳಿಲ್ಲ ನಾನು!

ನಾನು ಬಿ.ಎ., ಬಿ.ಎಡ್. ಓದಿದವಳು, ವೈದ್ಯಳಲ್ಲ. ಆದರೂ ಹುಡುಕಿ ಓದಿದೆ. ರಕ್ತದಲ್ಲಿ ಏನೂ ಇಲ್ಲವೆಂದು ನನ್ನ ವಾದವಲ್ಲ. ಅಮೆರಿಕದ ಕಪ್ಪು ಗಂಡಸರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಈ ರೋಗ ಬರುತ್ತದೆ. ಸಾಯುವ ಪ್ರಮಾಣ ಬಿಳಿಯರ ಸುಮಾರು ಎರಡರಷ್ಟು. ಎಂಟನೇ ವರ್ಣತಂತುವಿನ ಒಂದು ಭಾಗದಲ್ಲಿ ಈ ಅಪಾಯ ಹೆಚ್ಚಿಸುವ ಬದಲಾವಣೆಗಳನ್ನು 2006ರಲ್ಲಿ ಗುರುತಿಸಿದರು. ಅವುಗಳಲ್ಲಿ ಕೆಲವು ಆಫ್ರಿಕಾ ಮೂಲದವರಲ್ಲೇ ಹೆಚ್ಚು. ಬಿಆರ್‌ಸಿಎ2 ಎಂಬ ಜೀನಿನ ದೋಷ ಯಾವ ಜನಾಂಗದಲ್ಲೂ ಇರಬಹುದು, ತಾಯಿಯ ಕಡೆಯಿಂದಲೂ ಬರಬಹುದು. ಅಮ್ಮನಿಗೆ ಸ್ತನದ ಕ್ಯಾನ್ಸರ್ ಇತ್ತೆಂದು ಮಗ ತನ್ನ ಡಾಕ್ಟರಿಗೆ ಹೇಳಬೇಕು. ಯಾವ ಗಂಡಸು ಹೇಳುತ್ತಾನೆ, ನೀವೇ ಹೇಳಿ.

ಆದರೆ ರೋಗ ಬರುವುದು ಬೇರೆ, ಅದರಿಂದ ಸಾಯುವುದು ಬೇರೆ. ಮೂರು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮಾಜಿ ಸೈನಿಕರ ಸರಕಾರಿ ಆಸ್ಪತ್ರೆಗಳಂಥ, ಎಲ್ಲರಿಗೂ ಒಂದೇ ಬಗೆಯ ಚಿಕಿತ್ಸೆ ಸಿಗುವ ಕಡೆ, ರೋಗದ ಹಂತ ಒಂದೇ ಆಗಿದ್ದಾಗ ಕಪ್ಪು ಗಂಡಸರು ಬಿಳಿಯರಿಗಿಂತ ಹೆಚ್ಚಾಗಿ ಈ ರೋಗದಿಂದ ಸಾಯಲಿಲ್ಲ. ರಕ್ತ ಅದೇ ತಾನೇ? ಹಾಗಾದರೆ ಹೊರಗೆ ಆ ಹೆಚ್ಚಿನ ಸಾವು ಎಲ್ಲಿಂದ ಬಂತು? ತಡವಾದ ತಪಾಸಣೆ, ವಿಮೆಯಿಲ್ಲದ ಮನೆ, ಡಾಕ್ಟರರ ಮೇಲೆ ಅಪನಂಬಿಕೆ.

ಅಪನಂಬಿಕೆಯೇನು ಸುಮ್ಮನೆ ಹುಟ್ಟಿತೇ? ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಸುಮಾರು 400 ಕಪ್ಪು ಗಂಡಸರಿಗೆ, ಪೆನಿಸಿಲಿನ್ ಬಂದ ಮೇಲೂ ಅದನ್ನು ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ಸರಕಾರಿ ವೈದ್ಯರೇ ನೋಡುತ್ತ ಕುಳಿತರು. ಅವರ ಮೊಮ್ಮಕ್ಕಳು ರಕ್ತಪರೀಕ್ಷೆಗೆ ತೋಳು ಚಾಚಲು ಹಿಂಜರಿದರೆ ಅದೂ ಜೀನಿನ ದೋಷವೇ?

ಇನ್ನೊಂದು ತಮಾಷೆ. ಜೀನುಗಳನ್ನು ಜಾಲಾಡುವ ದೊಡ್ಡ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ, 2009ರ ಲೆಕ್ಕದಂತೆ, ಶೇ. 96 ಮಂದಿ ಯುರೋಪ್ ಮೂಲದವರು. ಕಪ್ಪು ಜನರ ರಕ್ತವನ್ನು ಸರಿಯಾಗಿ ಓದಿಯೂ ಇಲ್ಲ, ದೂರುವುದು ಮಾತ್ರ ಅದನ್ನೇ.

ಆಸ್ಟಿನ್ ತಮ್ಮ ರೋಗವನ್ನು ಅಧ್ಯಕ್ಷರಿಗೂ ಹೇಳಿರಲಿಲ್ಲ; ಫೆಬ್ರವರಿಯಲ್ಲಿ ಪತ್ರಕರ್ತರೆದುರು ನಿಂತು ಕ್ಷಮೆ ಕೇಳಿದರು. ಅಂಥವರಿಗೇ ಬಾಯಿ ಬರದಿದ್ದರೆ, ಅಲಬಾಮಾದ ಕೂಲಿಯವನಿಗೆ ಬಂದೀತೆ?

ಮೊನ್ನೆ ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದೆ. "ಮೇಡಂ, ನಿಮಗ್ಯಾಕೆ ಅಮೆರಿಕದ ಉಸಾಬರಿ" ಎಂದರು ಅದೇ ಮಹಾಶಯರು.